ಚಿಕ್ಕರಸಿನಕೆರೆ ಏರಿಯ ಮೇಲೆ ಮೂವತ್ತಮೂರು ಅಡಿ

ಹೊಸ ಹೆದ್ದಾರಿ ಆದ ಮೇಲೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವವರ ಪಾಲಿಗೆ ಮದ್ದೂರು ಬರೀ ಒಂದು ಹಸಿರು ಫಲಕ. ಹಿಂದೆ ಬಸ್ಸು ಊರೊಳಗೇ ನುಗ್ಗುತ್ತಿತ್ತು. ನಿದ್ದೆ ಮಾಡುತ್ತಿದ್ದವರನ್ನೂ ವಡೆಯ ವಾಸನೆ ಎಬ್ಬಿಸುತ್ತಿತ್ತು. ಈಗ ಕಾರುಗಳು ಊರನ್ನು ಪಕ್ಕಕ್ಕೆ ಬಿಟ್ಟು ಓಡುತ್ತವೆ. ನೀವು ಚಿಕ್ಕರಸಿನಕೆರೆಗೆ ಹೋಗಬೇಕೆಂದರೆ ಮಾತ್ರ ಹೆದ್ದಾರಿ ಇಳಿಯಲೇಬೇಕು. ಮದ್ದೂರಿನಿಂದ ಮಳವಳ್ಳಿ ರಸ್ತೆ ಹಿಡಿದು ಕೆ.ಎಂ. ದೊಡ್ಡಿಯ ಕಡೆಗೆ ಹೊರಳಬೇಕು. ಕೆ.ಎಂ. ದೊಡ್ಡಿ ಎಂದರೆ ಕಾಳಮುದ್ದನದೊಡ್ಡಿ, ಭಾರತೀನಗರ ಎಂದೂ ಕರೆಯುತ್ತಾರೆ. ಸಕ್ಕರೆ ಕಾರ್ಖಾನೆ ಇರುವ ಊರು. ಕಬ್ಬಿನ ಲಾರಿ, ಟ್ರ್ಯಾಕ್ಟರುಗಳ ಹಿಂದೆ ನಿಧಾನವಾಗಿ ಸಾಗುವ ತಾಳ್ಮೆ ಇದ್ದರೆ ಸಾಕು, ದಾರಿ ತಾನೇ ಕರೆದುಕೊಂಡು ಹೋಗುತ್ತದೆ.

ಊರಿನ ಹೆಸರು ಬಿಡಿಸಿದರೆ ಚಿಕ್ಕ ಅರಸಿನ ಕೆರೆ. ಅಷ್ಟುದ್ದ ಹೇಳುವ ವ್ಯವಧಾನ ಈಗ ಯಾರಿಗೂ ಇಲ್ಲ. ಬಸ್ಸಿನವರಿಗೂ ಹೋಬಳಿ ಕಚೇರಿಯವರಿಗೂ ಅದು ‘ಸಿ.ಎ. ಕೆರೆ’. ಸುತ್ತಲಿನ ಸೀಮೆಯಲ್ಲಿ ಈ ಊರು ಹೆಸರಾಗಿರುವುದು ಕಾಲಭೈರವೇಶ್ವರ ಸ್ವಾಮಿಯಿಂದ ಮತ್ತು ಸ್ವಾಮಿಯ ಹೆಸರಿಗೆ ಬಿಟ್ಟ ಬಸವನಿಂದ. ‘ಚಿಕ್ಕರಸಿನಕೆರೆ ಬಸಪ್ಪ’ ಎಂದರೆ ಮಂಡ್ಯದ ಹಳ್ಳಿಗಳಲ್ಲಿ ಕೈ ಮುಗಿಯದವರು ಕಡಿಮೆ. ಮನುಷ್ಯರ ನಡುವೆ ಬಗೆಹರಿಯದ ವ್ಯಾಜ್ಯವನ್ನು ಬಸಪ್ಪನ ಮುಂದೆ ಇಡುವ ರೂಢಿ ಇಲ್ಲಿ ಇಂದಿಗೂ ಇದೆ.

ಇದು ನನ್ನ ತವರು. ಈ ಸಂಕ್ರಾಂತಿಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಹದಿನಾಲ್ಕು ವರ್ಷ. ಎಳ್ಳು ಬೀರುವುದಕ್ಕಿಂತ, ಹಿತಕಿದವರೆ ಸಾರಿಗಿಂತ ದೊಡ್ಡ ಕೆಲಸವೊಂದು ಅವಳ ತಲೆಯಲ್ಲಿತ್ತು. ಮಾವನ ಹತ್ತಿರ ಒಂದು ಮಾತು ಹೇಳಬೇಕಿತ್ತು.

ಕಬ್ಬಿನ ದುಡ್ಡಿನ ಪಿಸ್ತೂಲು

2024ರ ಜುಲೈನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದಾಗ ದೇಶದ ಎಷ್ಟೋ ಮನೆಗಳಲ್ಲಿ ಆದದ್ದೇ ನಮ್ಮ ಮನೆಯಲ್ಲೂ ಆಯಿತು. ‘ನಾನೂ ಕಲಿಯುತ್ತೇನೆ’ ಎಂದಳು ಮಗಳು. ಬೇಸಿಗೆ ರಜೆಯ ಹುಚ್ಚು, ಬಿಟ್ಟುಹೋಗುತ್ತದೆ ಎಂದುಕೊಂಡರೆ ಬಿಡಲಿಲ್ಲ. ಒಂದು ವರ್ಷ ತರಬೇತಿ ಕೇಂದ್ರದ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಿದಳು. ಆಮೇಲೆ ಸ್ವಂತದ್ದು ಬೇಕಾಯಿತು. ಸ್ಪರ್ಧೆಗೆ ತಕ್ಕ ಏರ್ ಪಿಸ್ತೂಲಿನ ಬೆಲೆ ಲಕ್ಷ ದಾಟುತ್ತದೆ. ಅರ್ಧ ನಾವು ಹೊಂದಿಸಿದೆವು. ಮಿಕ್ಕ ಅರ್ಧ ನಮ್ಮಣ್ಣ ಕೊಟ್ಟ. ಕಾರ್ಖಾನೆಗೆ ಕಬ್ಬು ಹಾಕಿ ಬಂದ ದುಡ್ಡು. ಕೇಳದೆಯೇ ಕೊಟ್ಟಿದ್ದ.

ಅದಾದ ಮೇಲೆ ಎರಡು ಸ್ಪರ್ಧೆ ನಡೆದವು. ಎರಡರಲ್ಲೂ ಅವಳ ಅಂಕ ಹಿಂದಿಗಿಂತ ಇಳಿಯಿತು. ಅಭ್ಯಾಸದಲ್ಲಿ ಚೆನ್ನಾಗಿ ಹೊಡೆಯುವವಳು ಸ್ಪರ್ಧೆಯ ದಿನ ಕೆಟ್ಟದಾಗಿ ಹೊಡೆಯುತ್ತಿದ್ದಳು. ಡಿಸೆಂಬರ್ ಕೊನೆಗೆ ಒಂದು ರಾತ್ರಿ ಊಟದ ಹೊತ್ತಿಗೆ, ‘ಇನ್ನು ಬಿಟ್ಟುಬಿಡುತ್ತೇನಮ್ಮ. ಮಾವನಿಗೆ ನಾನೇ ಹೇಳುತ್ತೇನೆ. ನೀನು ಫೋನಿನಲ್ಲಿ ಹೇಳಬೇಡ’ ಎಂದಳು. ನಾನು ಹೂಂ ಎಂದೆ.

ಊರಿನ ಮಕ್ಕಳಿಗೆ ಇದೆಲ್ಲ ಗೊತ್ತಿಲ್ಲವಲ್ಲ. ಕಾರಿನಿಂದ ಇಳಿಯುವುದೇ ತಡ, ಆರೇಳು ಹುಡುಗರು ಸುತ್ತುವರಿದರು. ‘ಅಕ್ಕ, ಗನ್ನು ತಂದಿದ್ದೀಯಾ? ಒಂದ್ ಸಲ ತೋರ್ಸು!’

ತಂದಿರಲಿಲ್ಲ. ತರಬೇತುದಾರರ ಮೊದಲ ಪಾಠವೇ ಅದು. ಪಿಸ್ತೂಲು ಇರುವುದು ಶೂಟಿಂಗ್ ರೇಂಜಿನಲ್ಲಿ, ಇಲ್ಲವೇ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ರೇಂಜಿನಲ್ಲೂ ಕೈಗೆ ತೆಗೆದುಕೊಂಡಾಗ ಕೊಳವೆ ಗುರಿಹಲಗೆಯ ಕಡೆಗೇ ಇರಬೇಕು. ಹೊಡೆಯದೆ ಇರುವಾಗ ಕೊಳವೆಯೊಳಗೆ ಬಣ್ಣದ ದಾರ ತೂರಿಸಿ, ‘ಇದು ಖಾಲಿ’ ಎಂದು ಎಲ್ಲರಿಗೂ ಕಾಣುವಂತೆ ಇಡಬೇಕು. ಹಬ್ಬಕ್ಕೆ, ನೆಂಟರ ಮನೆಗೆ ಹೊತ್ತುಕೊಂಡು ಹೋಗುವ ಆಟಿಕೆಯಲ್ಲ ಅದು.

ಅದರ ಬದಲು ಅವಳ ಚೀಲದಲ್ಲಿದ್ದದ್ದು ಮರಳು ತುಂಬಿದ ಒಂದು ಪ್ಲಾಸ್ಟಿಕ್ ಬಾಟಲಿ. ತೂಕ ಸರಿಯಾಗಿ ಒಂದು ಕಿಲೋ, ಹೆಚ್ಚುಕಡಿಮೆ ಅವಳ ಪಿಸ್ತೂಲಿನಷ್ಟೇ. ದಿನಾ ಬೆಳಿಗ್ಗೆ ಗೋಡೆಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು, ಒಂದೇ ಕೈಯಲ್ಲಿ ಆ ಬಾಟಲಿಯನ್ನು ಭುಜದ ಮಟ್ಟಕ್ಕೆ ಎತ್ತಿ, ಮೂವತ್ತು ಸೆಕೆಂಡು ಹಿಡಿದು ಇಳಿಸಬೇಕು. ಬಿಡುತ್ತೇನೆ ಎಂದವಳು ಬಾಟಲಿಯನ್ನು ಯಾಕೆ ತಂದಳು ಎಂದು ನಾನು ಕೇಳಲಿಲ್ಲ. ಅತ್ತಿಗೆ ಮಾತ್ರ ಹಿತ್ತಲಲ್ಲಿ ಅದನ್ನು ನೋಡಿ, ‘ಅಯ್ಯೋ, ಈ ಮಗ ಯಾವ ದೇವರಿಗೆ ಹರಕೆ ಹೊತ್ತೈತೆ?’ ಎಂದು ನಕ್ಕರು.

ಏರಿಯ ಮೇಲೆ ಹೇಳಿದ್ದು

ಹಬ್ಬದ ಹಿಂದಿನ ಸಂಜೆ ನಮ್ಮಣ್ಣ ಗದ್ದೆಯ ಕಡೆ ಹೊರಟಾಗ ನಾವಿಬ್ಬರೂ ಜೊತೆಗೆ ಹೊರಟೆವು. ಜನವರಿಯಲ್ಲಿ ಈ ಸೀಮೆ ನೋಡಬೇಕು. ಕೆ.ಆರ್.ಎಸ್.ನಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ಊರಿನವರ ಬಾಯಲ್ಲಿ ‘ವಿ.ಸಿ. ನಾಲೆ’, ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ಕೊಟ್ಟ ಬಣ್ಣ ಅದು. ಕೊಯ್ಲಾದ ಭತ್ತದ ಕೂಳೆ ಒಂದು ಕಡೆ, ಆಳೆತ್ತರದ ಕಬ್ಬು ಇನ್ನೊಂದು ಕಡೆ. ದೂರದ ಆಲೆಮನೆಯಿಂದ ಬೆಲ್ಲ ಕಾಯುವ ವಾಸನೆ. ಹುಡುಗರು ಏರಿಯ ಮೇಲೆ ಗಾಳಿಪಟ ಹಿಡಿದು ಓಡುತ್ತಿದ್ದರು. ನೀರಿನ ಅಂಚಿನಲ್ಲಿ ಬೆಳ್ಳಕ್ಕಿಗಳು ಅಲುಗಾಡದೆ ನಿಂತಿದ್ದವು.

ಅವಳು ಹೇಳಿಬಿಟ್ಟಳು. ಸುತ್ತಿ ಬಳಸಿ ಹೇಳಲಿಲ್ಲ. ‘ಮಾವ, ನನ್ನ ಕೈಲಿ ಆಗ್ತಿಲ್ಲ. ಬಿಟ್ಟುಬಿಡ್ತೀನಿ. ಪಿಸ್ತೂಲು ಮಾರಿ ನಿಮ್ಮ ದುಡ್ಡು ವಾಪಸ್ ಕೊಡ್ತೀವಿ.’

ಅಣ್ಣ ಸ್ವಲ್ಪ ದೂರ ಸುಮ್ಮನೆ ನಡೆದ. ಆಮೇಲೆ, ‘ಬುಡಂಗಿದ್ರೆ ಬುಡು ಮಗ. ಕಬ್ಬು ಹಾಕ್ದ ವರ್ಸ ಎಲ್ಲಾ ದುಡ್ಡು ಕಂಡಿದ್ದೀನಾ ನಾನು? ದುಡ್ಡಿನ ಮಾತು ಆಡ್ಬೇಡ. ಆದ್ರೆ ಒಂದು ಕೆಲ್ಸ ಮಾಡು. ನಾನು ದುಡ್ಡು ಕೊಟ್ಟೆನೇ ಹೊರತು ಅದೇನು ಅಂತ ಕಂಡಿಲ್ಲ. ಬುಡಕ್ಕೆ ಮುಂಚೆ ವಸಿ ನಂಗೂ ತೋರ್ಸು, ಅದ್ರಾಗೆ ಏನೈತೆ ಅಂತ’ ಎಂದ.

‘ಪಿಸ್ತೂಲು ತಂದಿಲ್ವಲ್ಲ ಮಾವ.’

‘ನೇಗಿಲು ಇಲ್ದೇನೂ ಉಳೋದು ಹೆಂಗೆ ಅಂತ ಹೇಳ್ಬೋದು ಕನವ್ವ.’

ಮಾರನೆಯ ಬೆಳಿಗ್ಗೆ ಪಾಠ ಶುರುವಾಯಿತು. ಬೇಕಾದ ಸಾಮಾನು ಇಷ್ಟೇ: ಒಂದು ಅಡಿ ಉದ್ದದ ಬಿದಿರ ದಬ್ಬೆ, ಬೆಂಕಿಪೊಟ್ಟಣ, ಇದ್ದಿಲು, ಒಂದು ಹಾಳೆ ಬಿಳಿ ಕಾಗದ, ಭತ್ತದ ನಾಟಿಗೆ ಸಾಲು ಹಿಡಿಯುವ ದಾರ. ಓದುತ್ತಿರುವ ಮಕ್ಕಳೂ ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಯಾವ ಅಪಾಯವೂ ಇಲ್ಲ.

ಮುಂದಿನ ಮೊನೆ, ಹಿಂದಿನ ಗಂಡಿ

ಪಿಸ್ತೂಲಿನ ಮೇಲೆ ಗುರಿ ನೋಡಲು ಎರಡು ಗುರುತುಗಳಿರುತ್ತವೆ. ಕಣ್ಣಿನ ಕಡೆಗೆ ಒಂದು ಚೌಕನೆಯ ಗಂಡಿ, ಕೊಳವೆಯ ತುದಿಯ ಕಡೆಗೆ ಒಂದು ನೆಟ್ಟನೆಯ ಮೊನೆ. ಮೊನೆಯನ್ನು ಫ್ರಂಟ್ ಸೈಟ್ ಎನ್ನುತ್ತಾರೆ, ಗಂಡಿಯನ್ನು ರಿಯರ್ ಸೈಟ್. ಮಗಳು ಬಿದಿರಿನ ಒಂದು ತುದಿಗೆ ಕುಡುಗೋಲಿನಿಂದ ಗಂಡಿ ಕೊರೆದ ಒಂದು ಚೂರನ್ನು ನಿಲ್ಲಿಸಿದಳು. ಇನ್ನೊಂದು ತುದಿಗೆ ತಲೆ ಮುರಿದ ಬೆಂಕಿಕಡ್ಡಿಯನ್ನು ಚುಚ್ಚಿದಳು. ಕೈ ಚಾಚಿ ನೋಡಿದರೆ ಗಂಡಿಯ ನಡುವೆ ಕಡ್ಡಿ ಕಾಣಬೇಕು. ಕಡ್ಡಿಯ ಎಡಕ್ಕೂ ಬಲಕ್ಕೂ ಒಂದೇ ಅಳತೆಯ ಬೆಳಕಿನ ಗೆರೆ ಇರಬೇಕು. ಕಡ್ಡಿಯ ತಲೆ, ಗಂಡಿಯ ಅಂಚು ಎರಡೂ ಒಂದೇ ಮಟ್ಟಕ್ಕೆ ಬರಬೇಕು. ‘ಇಷ್ಟೇ ಮಾವ. ಇದಕ್ಕೆ ಸೈಟ್ ಅಲೈನ್‌ಮೆಂಟ್ ಅಂತಾರೆ. ಎಲ್ಲ ಇದರಲ್ಲೇ ಇರೋದು.’

ಅಣ್ಣ ದಬ್ಬೆ ಹಿಡಿದು, ಹುಣಸೆ ಮರಕ್ಕೆ ಅಂಟಿಸಿದ ಕಪ್ಪು ವೃತ್ತದ ಕಡೆ ನೋಡಿದ. ‘ಕಡ್ಡಿ ಸರ್ಯಾಗಿ ಕಾಣ್ತಾ ಇಲ್ಲ. ಎರಡೆರಡು ಕಾಣ್ತೈತೆ.’

‘ನೀವು ಮರ ನೋಡ್ತಿದ್ದೀರ. ಮರ ನೋಡ್ಬಾರದು. ಕಡ್ಡಿ ನೋಡ್ಬೇಕು.’

ಅಣ್ಣನಿಗೆ ಇದು ಒಪ್ಪಿಗೆಯಾಗಲಿಲ್ಲ. ಮೊದಲ ಸಾಲು ಉಳುವಾಗ ಅವನು ಬದುವಿನಾಚೆಯ ಒಂದು ಮರವನ್ನೇ ದಿಟ್ಟಿಸಿಕೊಂಡು ಹೋಗುವವನು. ಕಣ್ಣು ನೇಗಿಲ ಮೇಲೆ ಬಿದ್ದರೆ ಸಾಲು ಹಾವಿನಂತೆ ಆಗುತ್ತದೆ. ಗುರಿ ಇಟ್ಟವನು ಗುರಿಯನ್ನೇ ನೋಡಬೇಡವೆಂದರೆ ಹೇಗೆ? ಅದೂ ಮದ್ದೂರು ತಾಲ್ಲೂಕಿನಲ್ಲಿ! ಮದ್ದೂರಿಗೆ ಅರ್ಜುನಪುರಿ ಎಂಬ ಹೆಸರಿತ್ತೆಂದು ಸ್ಥಳಪುರಾಣ ಹೇಳುತ್ತದೆ. ಅಲ್ಲಿನ ಉಗ್ರನರಸಿಂಹನ ಕಥೆಗೂ ಅರ್ಜುನನ ನಂಟಿದೆ. ‘ದ್ರೋಣಾಚಾರಿ ಕೇಳ್ದಾಗ ಅರ್ಜುನ ಏನಂದ? ಹಕ್ಕಿ ಕಣ್ಣು ಬಿಟ್ಟು ಬೇರೇನೂ ಕಾಣಲ್ಲ ಅಂದ. ನೀನು ನೋಡುದ್ರೆ ಹಕ್ಕೀನೇ ನೋಡ್ಬೇಡ ಅಂತೀಯಲ್ಲವ್ವ!’

ಅವಳು ನಕ್ಕಳು. ಆ ವಾರದಲ್ಲಿ ಅದೇ ಮೊದಲ ನಗು. ‘ಮಾವ, ಹೆಬ್ಬೆರಳು ಚಾಚಿ, ಒಂದು ಕಣ್ಣು ಮುಚ್ಚಿ. ಈಗ ಬೆರಳಿನ ಉಗುರು ನೋಡಿ. ಮರ ಹೇಗೆ ಕಾಣುತ್ತೆ?’

‘ಮಂಜು ಮಂಜು.’

‘ಈಗ ಮರ ನೋಡಿ.’

‘ಉಗುರು ಮಂಜಾಯ್ತು.’

ಕಣ್ಣು ಒಂದು ಸಲಕ್ಕೆ ಒಂದೇ ದೂರಕ್ಕೆ ಹೊಂದಿಕೊಳ್ಳುತ್ತದೆ. ಹತ್ತಿರದ ಗಂಡಿ, ಒಂದಡಿ ಮುಂದಿನ ಮೊನೆ, ಹತ್ತು ಮೀಟರ್ ಆಚೆಯ ಗುರಿ, ಈ ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ಯಾರಿಗೂ ಸಾಧ್ಯವಿಲ್ಲ. ಒಂದನ್ನು ಆರಿಸಿಕೊಳ್ಳಬೇಕು. ಶೂಟರುಗಳು ಆರಿಸಿಕೊಳ್ಳುವುದು ಮೊನೆಯನ್ನು. ಗುರಿ ಮಂಜಾಗಿ, ಕಪ್ಪು ಬೂದಿಯ ಉಂಡೆಯಂತೆ ಕಂಡರೆ ಸಾಕು. ಇನ್ನೊಂದು ವಿಚಿತ್ರವೂ ಇದೆ. ಬಹುಪಾಲು ಪಿಸ್ತೂಲು ಶೂಟರುಗಳು ಕಪ್ಪು ವೃತ್ತದ ನಡುವಿಗೆ ಮೊನೆಯನ್ನು ಇಡುವುದೇ ಇಲ್ಲ. ಕಪ್ಪಿನ ಮೇಲೆ ಕಪ್ಪು ಮೊನೆ ಕಳೆದುಹೋಗುತ್ತದೆ. ಆದ್ದರಿಂದ ವೃತ್ತದ ಕೆಳಗಿನ ಬಿಳಿ ಜಾಗದಲ್ಲಿ ಮೊನೆಯನ್ನು ನಿಲ್ಲಿಸುತ್ತಾರೆ. ಗುಂಡು ಮೇಲಕ್ಕೆ, ನಡುವಿಗೇ ಬೀಳುವಂತೆ ರಿಯರ್ ಸೈಟನ್ನು ಮೊದಲೇ ತಿರುಪಿ ಹೊಂದಿಸಿರುತ್ತಾರೆ.

‘ಯಾಕೆ ಮೊನೇನೇ ನೋಡ್ಬೇಕು?’ ಅಣ್ಣನ ಪ್ರಶ್ನೆ ಇನ್ನೂ ಹಾಗೇ ಇತ್ತು.

ಬೆಂಕಿಕಡ್ಡಿಯ ಲೆಕ್ಕ

ಅದಕ್ಕೆ ಅವಳು ನಾಟಿಯ ದಾರ ಕೇಳಿದಳು. ಏರಿಯ ಮೇಲೆ ಒಂದು ಗೂಟ ಹೊಡೆದು ದಾರ ಕಟ್ಟಿದರು. ಅದರಿಂದ ಒಂದು ಅಡಿ ಮುಂದೆ ಎರಡನೆಯ ಗೂಟ. ದಾರ ಅದಕ್ಕೆ ತಾಗಿಕೊಂಡು ಹೋಗಬೇಕು. ಮೂವತ್ತಮೂರು ಅಡಿ ಆಚೆಗೆ, ಅಂದರೆ ಹತ್ತು ಮೀಟರಿಗೆ, ಒಬ್ಬ ಹುಡುಗ ದಾರದ ತುದಿಯನ್ನು ಬಿಗಿಯಾಗಿ ಎಳೆದು ಹಿಡಿದ. ಅವನ ಕಾಲ ಬಳಿ ಮಣ್ಣಿನಲ್ಲಿ ಗೆರೆ ಎಳೆದರು. ಈಗ ಎರಡನೆಯ ಗೂಟಕ್ಕೂ ದಾರಕ್ಕೂ ನಡುವೆ ಒಂದೇ ಒಂದು ಬೆಂಕಿಕಡ್ಡಿ ತೂರಿಸಿದಳು. ಹುಡುಗ ಕೂಗಿದ: ‘ನಾಲ್ಕು ಬೆರಳು ಸರೀತು!’

ಲೆಕ್ಕ ಸರಳ. ದೂರ ಮೂವತ್ತಮೂರು ಪಟ್ಟು, ಹಾಗಾಗಿ ತಪ್ಪೂ ಮೂವತ್ತಮೂರು ಪಟ್ಟು. ಕಡ್ಡಿ ಸುಮಾರು 2 ಮಿಲಿಮೀಟರ್ ದಪ್ಪ. ತುದಿಯಲ್ಲಿ ಅದು 66 ಮಿಲಿಮೀಟರ್. ಅರ್ಧ ಕಡ್ಡಿಯಷ್ಟು, ಒಂದೇ ಮಿಲಿಮೀಟರ್ ತಪ್ಪಿದರೂ 33 ಮಿಲಿಮೀಟರ್. ಹತ್ತು ಮೀಟರ್ ಏರ್ ಪಿಸ್ತೂಲಿನ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಒಂದು ಅಂಗಿ ಗುಂಡಿಯಷ್ಟು. ಕಪ್ಪು ಭಾಗದ ಒಟ್ಟು ಅಗಲವೇ 59.5 ಮಿಲಿಮೀಟರ್. ಮೊನೆ ಗಂಡಿಯೊಳಗೆ ಒಂದು ಮಿಲಿಮೀಟರ್ ಪಕ್ಕಕ್ಕೆ ವಾಲಿದರೆ ಹತ್ತು ಹೋಗಿ ಆರು ಬರುತ್ತದೆ.

ಅದೇ, ಮೊನೆ ಮತ್ತು ಗಂಡಿ ಸರಿಯಾಗಿ ಹೊಂದಿಕೊಂಡಿದ್ದು ಕೈಯೇ ಒಟ್ಟಾಗಿ 5 ಮಿಲಿಮೀಟರ್ ಪಕ್ಕಕ್ಕೆ ಸರಿದರೆ? ಎರಡೂ ಗೂಟಗಳನ್ನು ಒಂದೇ ಅಳತೆಯಲ್ಲಿ ಸರಿಸಿದ ಹಾಗೆ. ಅಲ್ಲೂ 5 ಮಿಲಿಮೀಟರೇ ಸರಿಯುತ್ತದೆ. ಹತ್ತು ಹತ್ತಾಗಿಯೇ ಉಳಿಯುತ್ತದೆ.

ಅಣ್ಣ ಗೂಟದ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ದಾರವನ್ನೇ ನೋಡಿದ. ನಾಟಿಯಲ್ಲಿ ದಾರ ಹಿಡಿದು ಬೆಳೆದವನು. ಈ ಬದುವಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಆ ಬದುವಿನಲ್ಲಿ ಎಷ್ಟಾಗುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ‘ಅಂಗಾದ್ರೆ ಕೈ ನಡುಗುದ್ರೆ ತೊಂದ್ರೆ ಇಲ್ಲ. ಇಲ್ಲಿ ಇದು ವಾಲ್ಬಾರದು ಅಷ್ಟೆ’ ಎಂದ, ಕಡ್ಡಿಯನ್ನು ಮುಟ್ಟಿ.

‘ಕೈ ಎಲ್ಲರಿಗೂ ನಡುಗುತ್ತೆ ಮಾವ. ಒಲಿಂಪಿಕ್ಸಿಗೆ ಹೋದವರಿಗೂ.’ ಹೇಳಿ ಅವಳು ಸ್ವಲ್ಪ ತಡೆದಳು. ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡ ಹಾಗಿತ್ತು.

ಐವತ್ತು ಮೀಟರಿನಾಚೆ

ಏರಿಯ ಮೇಲೆ ಜಾಗ ಧಾರಾಳವಾಗಿತ್ತು. ಹುಡುಗರು ಇನ್ನೂ ಮುಂದೆ ಹೋಗೋಣವೆಂದರು. ಅರವತ್ತೈದು ಹೆಜ್ಜೆ ಎಣಿಸಿಕೊಂಡು ಹೋಗಿ ನಿಂತೆವು. ಅದು ಸುಮಾರು ಐವತ್ತು ಮೀಟರ್. ಹಿಂದಿರುಗಿ ನೋಡಿದರೆ ಹುಣಸೆ ಮರದ ಮೇಲಿನ ಕಪ್ಪು ವೃತ್ತ ಇರುವೆಯ ಹಾಗಿತ್ತು.

ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿದು ಇಷ್ಟು ದೂರಕ್ಕೆ ಹೊಡೆಯುವ ಸ್ಪರ್ಧೆಯೂ ಇದೆ. 50 ಮೀಟರ್ ಪಿಸ್ತೂಲ್, ಹಳಬರ ಮಾತಿನಲ್ಲಿ ಫ್ರೀ ಪಿಸ್ತೂಲ್. ಅದಕ್ಕೆ ಗಾಳಿಯ ಪಿಸ್ತೂಲಲ್ಲ, ಪಾಯಿಂಟ್ ಟೂ ಟೂ ಗುಂಡಿನದು. ಅಲ್ಲಿ ಹತ್ತು ಅಂಕದ ವೃತ್ತ 50 ಮಿಲಿಮೀಟರ್ ಅಗಲ, ಒಂದು ದಪ್ಪ ನಿಂಬೆಹಣ್ಣಿನಷ್ಟು. ಎಲ್ಲ ವೃತ್ತಗಳೂ ಸೇರಿ ಅರ್ಧ ಮೀಟರ್. ನಮ್ಮ ಬಿದಿರ ದಬ್ಬೆಯ ಲೆಕ್ಕದಲ್ಲಿ ಒಂದು ಮಿಲಿಮೀಟರ್ ವಾಲಿದರೆ ಗುಂಡು 16 ಸೆಂಟಿಮೀಟರ್ ಆಚೆಗೆ ಹೋಗಿ ನಾಲ್ಕು ಅಂಕ. ಬೆಂಕಿಕಡ್ಡಿಯಷ್ಟು ವಾಲಿದರೆ ಕಾಗದಕ್ಕೇ ತಾಗುವುದಿಲ್ಲ. 2016ರ ರಿಯೋ ಒಲಿಂಪಿಕ್ಸ್‌ವರೆಗೆ ಈ ಸ್ಪರ್ಧೆ ಇತ್ತು. ಟೋಕಿಯೊದಿಂದ ಕೈಬಿಟ್ಟರು.

ಆ ಕೊನೆಯ ಸಲ ಐವತ್ತು ಮೀಟರಿನ ಮುಂದೆ ನಿಂತವರಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಒಬ್ಬರು. ತಂದೆ ಪಿ.ಎನ್. ಪಾಪಣ್ಣನವರೂ ಶೂಟರ್. ಮಗ ಸಾಫ್ಟ್‌ವೇರ್ ಕೆಲಸದಲ್ಲಿ ಕೆನಡಾಕ್ಕೆ ಹೋಗಿದ್ದವರು, ಮರಳಿ ಬಂದು ಪಿಸ್ತೂಲು ಹಿಡಿದರು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಕಂಚು ಗೆದ್ದರು. ಅದೇ ವರ್ಷ ಸ್ಪೇನಿನ ಗ್ರನಾಡಾದಲ್ಲಿ ಸ್ಪರ್ಧೆಗೆ ಹೋಗಿದ್ದಾಗ ಮುಖದ ಒಂದು ಪಾರ್ಶ್ವ ಸ್ವಾಧೀನ ತಪ್ಪಿತು. ಕಣ್ಣೇ ಬಂಡವಾಳವಾದ ಆಟದಲ್ಲಿ ಅದೆಂಥ ಪೆಟ್ಟೆಂದು ಬೇರೆ ಹೇಳಬೇಕಿಲ್ಲ. ಚೇತರಿಸಿಕೊಂಡು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ತಂದರು. 2017ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ರಿಯೋದ ಅದೇ ಸ್ಪರ್ಧೆಯ ಫೈನಲ್ಲಿನ ಒಂದು ಸಂಗತಿಯನ್ನು ಮಗಳು ಹುಡುಗರಿಗೆ ಕಥೆಯಂತೆ ಹೇಳಿದಳು. ದಕ್ಷಿಣ ಕೊರಿಯಾದ ಜಿನ್ ಜಾಂಗ್-ಓ ಹಿಂದಿನ ಎರಡು ಒಲಿಂಪಿಕ್ಸ್‌ಗಳಲ್ಲೂ ಇದೇ ಸ್ಪರ್ಧೆಯ ಚಿನ್ನ ಗೆದ್ದವರು. ಫೈನಲ್ಲಿನ ನಡುವೆ ಅವರ ಒಂದು ಗುಂಡು 6.6ಕ್ಕೆ ಬಿತ್ತು. ಫೈನಲ್ಲಿನಲ್ಲಿ ಹಿಂದುಳಿದವರು ಒಬ್ಬೊಬ್ಬರಾಗಿ ಹೊರಬೀಳುತ್ತ ಹೋಗುತ್ತಾರೆ. ಎಲ್ಲರೂ ಅವರ ಕಥೆ ಮುಗಿಯಿತೆಂದುಕೊಂಡರು. ಅವರು ಒಂದೊಂದೇ ಗುಂಡು ಹೊಡೆಯುತ್ತ ಮೇಲೇರಿ 193.7 ಅಂಕಗಳೊಂದಿಗೆ ಮೂರನೆಯ ಚಿನ್ನವನ್ನೂ ಗೆದ್ದರು.

‘6.6 ಬಿದ್ಮೇಲೆ ಏನ್ ಮಾಡುದ್ರಂತಕ್ಕ?’ ಎಂದ ಒಬ್ಬ ಹುಡುಗ.

‘ಮುಂದಿನ ಗುಂಡು ಹೊಡೆದರು ಕಣೋ.’

ಹಾಲು ಕರೆಯುವ ಕೈ

ಇಷ್ಟಾದರೂ ಅವಳ ತೊಂದರೆ ಇರುವುದು ಮೊನೆಯಲ್ಲಲ್ಲ, ಬೆರಳಿನಲ್ಲಿ ಎಂಬುದು ಗೊತ್ತಾದದ್ದು ಸಂಜೆ, ಕೊಟ್ಟಿಗೆಯಲ್ಲಿ. ಅತ್ತಿಗೆ ಹಾಲು ಕರೆಯುತ್ತಿದ್ದರು. ಹಬ್ಬಕ್ಕೆ ಮೈ ತೊಳೆಸಿಕೊಂಡು, ಕೊಂಬಿಗೆ ಬಣ್ಣ ಬಳಿಸಿಕೊಂಡಿದ್ದ ಹಸು ಅಂದು ಸ್ವಲ್ಪ ಬೆದರಿತ್ತು. ಮಗಳು ತಾನೂ ಕರೆಯುತ್ತೇನೆಂದು ಕೂತು ಒಮ್ಮೆ ಎಳೆದಳು. ಹಸು ಕಾಲು ಎತ್ತಿ ಚೊಂಬು ಉರುಳಿಸಿತು.

‘ಎಳೀಬಾರ್ದು ಕನವ್ವ. ಅಮುಕ್ಬೇಕು. ಯಾವಾಗ ಅಮುಕ್ದೆ ಅಂತ ಅದ್ಕೆ ಗೊತ್ತೇ ಆಗ್ಬಾರ್ದು. ನಿಂಗೆ ಹಾಲು ಬೇಕು ಅಂತ ಅವಸ್ರ ಮಾಡುದ್ರೆ ಅದು ಹಾಲು ಇಳಿಸಲ್ಲ’ ಎಂದರು ಅತ್ತಿಗೆ.

ಮಗಳು ನನ್ನ ಮುಖ ನೋಡಿದಳು. ‘ಸರ್ ಹೇಳೋದೂ ಇದನ್ನೇ’ ಎಂದಳು ಮೆಲ್ಲಗೆ.

ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಒತ್ತಡಕ್ಕೆ ಬಿಡುಗಡೆಯಾಗಬೇಕೆಂದು ನಿಯಮ. ಸ್ಪರ್ಧೆಗೆ ಮುಂಚೆ ಟ್ರಿಗರಿಗೆ ಅರ್ಧ ಕಿಲೋ ತೂಕ ನೇತುಹಾಕಿ ಪರೀಕ್ಷಿಸುತ್ತಾರೆ. ಆ ಅರ್ಧ ಕಿಲೋವನ್ನು ಒಂದೇ ಏಟಿಗೆ ಎಳೆದರೆ ಬೆರಳಿನ ಜೊತೆ ಮಣಿಕಟ್ಟೂ ಅಲುಗುತ್ತದೆ, ಮೊನೆ ವಾಲುತ್ತದೆ, ದಾರದ ಲೆಕ್ಕ ಶುರುವಾಗುತ್ತದೆ. ಆದ್ದರಿಂದ ತೋರುಬೆರಳು ಮಾತ್ರ, ನೇರ ಹಿಂದಕ್ಕೆ, ಒಂದೇ ಸಮನೆ ಒತ್ತಡ ಏರಿಸುತ್ತ ಹೋಗಬೇಕು. ಗುಂಡು ಯಾವ ಗಳಿಗೆಯಲ್ಲಿ ಹಾರಿತೆಂಬುದು ತನಗೂ ಸ್ವಲ್ಪ ಅಚ್ಚರಿಯಾಗುವಂತಿದ್ದರೆ ಅದು ಒಳ್ಳೆಯ ಹೊಡೆತ. ಹಾಲು ಕರೆಯುವುದಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ ಎಂದಳು ಮಗಳು. ಕರೆಯುವಾಗ ಬೆರಳುಗಳು ಒಂದಾದ ಮೇಲೊಂದು ಅಮುಕುತ್ತವೆ. ಇಲ್ಲಿ ಮಿಕ್ಕ ನಾಲ್ಕು ಬೆರಳು ಮಲಗಿದ ಹಾಗೆ ಇರಬೇಕು.

‘ಅಭ್ಯಾಸದಲ್ಲಿ ಹಾಗೇ ಮಾಡ್ತೀನಮ್ಮ. ಸ್ಪರ್ಧೆಯಲ್ಲಿ ಪಕ್ಕದಲ್ಲೇ ಪರದೆ ಮೇಲೆ ಅಂಕ ಕಾಣುತ್ತಲ್ಲ. ಒಂದು ಎಂಟು ಬಿದ್ದರೆ ಮುಂದಿನದು ಹತ್ತೇ ಬೇಕು ಅನ್ನಿಸುತ್ತೆ. ಮೊನೆ ಬಿಟ್ಟು ಗುರಿ ನೋಡ್ತೀನಿ. ಅಲ್ಲಾಡ್ತಾ ಅಲ್ಲಾಡ್ತಾ ನಡುವಿಗೆ ಬಂದ ತಕ್ಷಣ, ಈಗಲೇ ಅಂತ ಎಳೆದುಬಿಡ್ತೀನಿ.’

ಅಣ್ಣ ಹುಲ್ಲು ಹಾಕುತ್ತಿದ್ದವನು ನಿಂತು ಕೇಳಿದ. ‘ಸರಿಯಾಗಿ ಬರ್ಲಿಲ್ಲ ಅಂದ್ರೆ ಹೊಡೀಲೇಬೇಕಾ? ಬುಟ್ಟು ಕೈ ಇಳಿಸ್ಬಾರ್ದಾ?’

‘ಇಳಿಸಬಹುದು. ಅರವತ್ತು ಗುಂಡಿಗೆ ಎಪ್ಪತ್ತೈದು ನಿಮಿಷ ಟೈಮಿರುತ್ತೆ. ಏಳೆಂಟು ಸೆಕೆಂಡಿನಲ್ಲಿ ಹೊಡೆತ ಕೂಡದಿದ್ದರೆ ಕೈ ಇಳಿಸಿ, ಉಸಿರು ತಗೊಂಡು ಮತ್ತೆ ಎತ್ತಬೇಕು ಅಂತಾನೇ ಸರ್ ಹೇಳೋದು. ಆದರೆ ಎತ್ತಿದ ಕೈ ಸುಮ್ಮನೆ ಇಳಿಸೋಕೆ ಮನಸ್ಸು ಬರಲ್ಲ ಮಾವ. ಸೋತ ಹಾಗೆ ಅನ್ನಿಸುತ್ತೆ.’

ಅಣ್ಣ ಅದಕ್ಕೆ ಏನೂ ಹೇಳಲಿಲ್ಲ. ಬೀದಿಯಲ್ಲಿ ತಮಟೆ ಸದ್ದು ಕೇಳಿ ಹಗ್ಗ ಬಿಚ್ಚಿದ.

ಕಿಚ್ಚು

ಸಂಕ್ರಾಂತಿಯ ಸಂಜೆ ನಮ್ಮ ಕಡೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಬೀದಿಗೆ ಅಡ್ಡಲಾಗಿ ಒಣಹುಲ್ಲು ಹರಡಿ ಬೆಂಕಿ ಹಚ್ಚುತ್ತಾರೆ. ಸಿಂಗರಿಸಿದ ಎತ್ತು, ಹಸುಗಳನ್ನು ಹಿಡಿದವರು ಜೊತೆಯಲ್ಲೇ ಓಡಿ ಉರಿ ದಾಟಿಸುತ್ತಾರೆ. ನೋಡುವವರ ಎದೆ ಒಂದು ಗಳಿಗೆ ನಿಲ್ಲುತ್ತದೆ.

ಅಣ್ಣನ ಎತ್ತು ಮೊದಲ ಸಲ ಉರಿಯ ಹತ್ತಿರ ಬಂದು ಬೆದರಿ ನಿಂತಿತು. ಸುತ್ತಲೂ ಕೇಕೆ, ಸಿಳ್ಳು. ‘ಎಳಿ, ಎಳಿ’ ಎಂದು ಕೂಗಿದವರೇ ಎಲ್ಲ. ಅಣ್ಣ ಎಳೆಯಲಿಲ್ಲ. ಕೊರಳು ತಟ್ಟಿ, ಹಿಂದಕ್ಕೆ ತಿರುಗಿಸಿಕೊಂಡು, ಬೀದಿಯ ಕೊನೆಯವರೆಗೂ ನಡೆಸಿಕೊಂಡು ಹೋದ. ಸ್ವಲ್ಪ ಹೊತ್ತು ನಿಂತ. ಉರಿ ಸ್ವಲ್ಪ ತಗ್ಗಿತು. ಆಮೇಲೆ ಬಂದ, ಈ ಸಲ ಎತ್ತು ತಾನಾಗಿಯೇ ಹಾರಿತು. ಅವನು ಮಗಳಿಗೆ ತೋರಿಸಲೆಂದು ಹಾಗೆ ಮಾಡಿದ್ದಲ್ಲ. ಪ್ರತಿ ವರ್ಷ ಹಾಗೇ ಮಾಡುತ್ತಾನೆ. ಅವಳು ನನ್ನ ಪಕ್ಕದಲ್ಲಿ ಕಬ್ಬಿನ ತುಂಡು ಕಡಿಯುತ್ತಾ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಕಾಲಭೈರವೇಶ್ವರನಿಗೆ ಕೈ ಮುಗಿದು ಹೊರಟೆವು. ಗುಡಿಯ ಮುಂದೆ ಅತ್ತಿಗೆ, ‘ಏನ್ ಬೇಡ್ಕಂಡೆ ಮಗ?’ ಎಂದರು. ‘ಹೇಳಬಾರದಂತೆ ಅತ್ತೆ’ ಎಂದಳು. ಕಾರಿನ ಡಿಕ್ಕಿಯಲ್ಲಿ ಒಂದು ಹೊರೆ ಕಬ್ಬು, ಆಲೆಮನೆಯ ಬೆಲ್ಲ, ಮರಳಿನ ಬಾಟಲಿ. ಬಿದಿರ ದಬ್ಬೆಯನ್ನು ಮಾತ್ರ ಅಣ್ಣ ಕೊಡಲಿಲ್ಲ. ಸೂರಿನ ಸಂದಿಗೆ ಸಿಕ್ಕಿಸಿದ. ‘ಇಲ್ಲಿರ್ಲಿ. ನಾನೂ ಆವಾಗವಾಗ ನೋಡ್ತಿರ್ತೀನಿ’ ಎಂದ.

ಬೆಂಗಳೂರಿಗೆ ಬಂದ ಮೇಲೆ ಅವಳು ರೇಂಜಿಗೆ ಹೋಗುತ್ತಿದ್ದಾಳೆ. ಬಿಡುವುದಿಲ್ಲ ಎಂದು ಹೇಳಿಲ್ಲ. ಬಿಡುವ ಮಾತನ್ನೂ ಎತ್ತಿಲ್ಲ. ಫೆಬ್ರುವರಿಯಲ್ಲಿ ಒಂದು ಸಣ್ಣ ಸ್ಪರ್ಧೆ ಇತ್ತು. ಪದಕವೇನೂ ಬರಲಿಲ್ಲ. ರಾತ್ರಿ ಅಣ್ಣ ಫೋನ್ ಮಾಡಿದ. ನೆಂಟರು, ಪಕ್ಕದ ಮನೆಯವರು ಎಲ್ಲರೂ ಎಷ್ಟು ಬಂತು, ಎಷ್ಟನೇ ಸ್ಥಾನ ಎಂದು ಕೇಳಿ ಮುಗಿದಿತ್ತು. ಫೋನು ಸ್ಪೀಕರಿನಲ್ಲಿತ್ತು, ಆದ್ದರಿಂದ ನನಗೂ ಕೇಳಿಸಿತು.

‘ಏನ್ ಮಗ, ಇವತ್ತು ಎಷ್ಟು ಸಲ ಕೈ ಇಳಿಸ್ದೆ?’

ಅವಳು ಬೆರಳು ಮಡಚಿ ಎಣಿಸಿದಳು. ‘ಹನ್ನೊಂದು ಸಲ ಮಾವ.’

‘ಹೋದ ಸಲ?’

‘ಒಂದು ಸಲವೂ ಇಲ್ಲ.’

‘ಸರಿ ಬುಡು. ಉಂಡ್ಯಾ?’ ಎಂದ ಅಣ್ಣ.